ಮದ್ದಿನ ತೂಕ, ಗುಂಡಿನ ತೂಕ

ಡೆಲ್ಫ್ಟ್ ಊರಿನ ದಕ್ಷಿಣದಲ್ಲಿ ಕ್ರೌಟ್‌ಹೌಸ್‌ವೆಖ್ ಎಂಬ ರಸ್ತೆಯಿದೆ. ಕನ್ನಡದಲ್ಲಿ ಹೇಳುವುದಾದರೆ ‘ಮದ್ದಿನಮನೆ ರಸ್ತೆ’. ಶ್ರೀರಂಗಪಟ್ಟಣವನ್ನು ಕಂಡ ನಮಗೆ ಮದ್ದಿನಮನೆ ಹೊಸ ಮಾತಲ್ಲ. ಅಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಗಳು ಇನ್ನೂ ಇವೆ. ಅವುಗಳಲ್ಲೊಂದನ್ನು 2017ರಲ್ಲಿ ರೈಲು ಜೋಡಿಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಬೇರೆ ಕಡೆ ಇರಿಸಿದರು. ಡೆಲ್ಫ್ಟ್‌ನ ಮದ್ದಿನಮನೆಯ ಹಿಂದೆ ಮಾತ್ರ ಒಂದು ದುರಂತವಿದೆ. 1654ರ ಅಕ್ಟೋಬರ್ 12ರಂದು, ಊರೊಳಗಿನ ಹಳೆಯ ಸನ್ಯಾಸಿನಿಯರ ಮಠದಲ್ಲಿ ಕೂಡಿಟ್ಟಿದ್ದ ಸುಮಾರು 90,000 ಪೌಂಡು ಮದ್ದು ಸಿಡಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಚಿತ್ರಕಾರ ಕರೆಲ್ ಫಾಬ್ರಿಟಿಯಸ್ ಅವರಲ್ಲೊಬ್ಬ. 1660ರಲ್ಲಿ ಹೊಸ ಮದ್ದಿನಮನೆಯನ್ನು ಊರ ಹೊರಗೆ, ತೋಪಿನ ಗುಂಡು ಹಾರುವಷ್ಟು ದೂರದಲ್ಲಿ ಕಟ್ಟಿದರು. 1807ರ ಜನವರಿ 12ರಂದು ಲೈಡನ್ ಪಟ್ಟಣದ ಕಾಲುವೆಯಲ್ಲಿ ಮದ್ದು ತುಂಬಿದ ದೋಣಿಯೇ ಸಿಡಿದು ಸುಮಾರು 150 ಜನ ಹೋದರು.

ಮದ್ದನ್ನು ಎಲ್ಲಿಡಬೇಕೆಂಬ ಪಾಠವನ್ನು ಈ ನಾಡು ಹೀಗೆ ಪ್ರಾಣ ತೆತ್ತು ಕಲಿಯಿತು. ಎಷ್ಟು ಮದ್ದಿಗೆ ಎಷ್ಟು ಭಾರದ ಗುಂಡು ಎಂಬುದು ಎರಡನೆಯ ಪಾಠ. ಅದರ ಒಂದು ಭಾಗವನ್ನೂ ಲೈಡನ್ ಪಟ್ಟಣವೇ ಕಲಿಸಿತು. ಇಂದು ಪಿಸ್ತೂಲು ಸ್ಪರ್ಧೆಗೆ ಹೋಗುವವರು ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುವಾಗ ನಡೆಯುವುದು ಇದೇ ಪಾಠದ ಮೇಲೆ. ಕೈಲ್ ಮುಹೂರ್ತದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ಬಂಧುಗಳಿಗೆ ಈ ವಿಷಯ ರುಚಿಸೀತೆಂದು ನಂಬಿದ್ದೇವೆ. ಉಳಿದವರಿಗೂ ಇದರಲ್ಲಿ ತಿಳಿಯಬೇಕಾದುದಿದೆ.

ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಲೆಮ್ ಸ್ ಗ್ರಾವೆಸಾಂಡೆ 1722ರಲ್ಲಿ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ವೇಗ ಎರಡು ಪಟ್ಟಾದರೆ ಮಣ್ಣಿನ ಕುಳಿ ಎರಡಲ್ಲ, ನಾಲ್ಕು ಪಟ್ಟಾಗುತ್ತಿತ್ತು. ವಸ್ತುವನ್ನು ಒಡೆಯುವ ಶಕ್ತಿ ಬೇರೆ, ತೂಕವನ್ನು ವೇಗದಿಂದ ಗುಣಿಸಿದಾಗ ಬರುವ ಸಂವೇಗ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಇಪ್ಪತ್ತು ವರ್ಷಗಳ ಮೇಲೆ, 1742ರಲ್ಲಿ, ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಕೋವಿಯ ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದ. ತೂಗುಹಾಕಿದ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ದೂರ ತೂಗಿತೆಂದು ನೋಡುವುದು. ಆ ಲೋಲಕ ತೋರಿಸುವುದು ಸಂವೇಗವನ್ನು. ಗುಂಡಿನ ತೂಕ ಗೊತ್ತಿದ್ದರೆ ವೇಗ ತಾನಾಗಿ ತಿಳಿಯುತ್ತದೆ. ಬಂದೂಕಿನ ಗುಂಡು ಸೆಕೆಂಡಿಗೆ ಸುಮಾರು 1,700 ಅಡಿ ಹೋಗುತ್ತದೆಂದು ಕಂಡುಬಂತು. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ಕಡೆಗೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಈಗ ಸ್ಪರ್ಧೆಯ ಕಣಕ್ಕೆ ಬರೋಣ. 1976ರಲ್ಲಿ ಆರಂಭವಾದ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟವು ತೋಟೆಯ ಬಲವನ್ನು ಅಳೆಯುವುದು ಸಂವೇಗದಿಂದಲೇ. ಮೊದಮೊದಲು ಅದಕ್ಕೂ ಲೋಲಕವೇ ಇತ್ತು. ಬಳಿಕ ವಿದ್ಯುನ್ಮಾನ ಯಂತ್ರ ಬಂತು. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ, ವೇಗವನ್ನು ಅಡಿಯ ಲೆಕ್ಕದಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಕೆಳಗಿನ ದರ್ಜೆಗೆ ಕನಿಷ್ಠ 125 ಬರಬೇಕು. ಅಂದರೆ 115 ಗ್ರೇನ್ ಗುಂಡಿಗೆ ಸೆಕೆಂಡಿಗೆ 1,087 ಅಡಿ ವೇಗ ಬೇಕು, 147 ಗ್ರೇನ್ ಗುಂಡಿಗೆ 851 ಅಡಿ ಸಾಕು. ಭಾರದ ಗುಂಡಿಗೆ ಕಡಿಮೆ ಮದ್ದು ಸಾಲುತ್ತದೆ. ಸುಟ್ಟ ಮದ್ದು ಅನಿಲವಾಗಿ ಗುಂಡಿಗಿಂತ ರಭಸದಿಂದ ಹೊರನುಗ್ಗಿ ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಮದ್ದು ಕಡಿಮೆಯಾದಷ್ಟೂ ಒದೆತವೂ ಕಡಿಮೆ. ಅನೇಕ ಸ್ಪರ್ಧಿಗಳು ಭಾರದ ಗುಂಡನ್ನೂ ಬೇಗ ಉರಿಯುವ ಮದ್ದನ್ನೂ ಆರಿಸಿಕೊಳ್ಳುವುದು ಇದಕ್ಕಾಗಿ.

ಹಾಗೆಂದು ಹಗುರ ಗುಂಡಿಗೆ ಹಾಕುತ್ತಿದ್ದ ಮದ್ದನ್ನೇ ಭಾರದ ಗುಂಡಿಗೂ ಹಾಕಿದರೆ ಅಪಾಯ. ಭಾರದ ಗುಂಡು ನಿಧಾನವಾಗಿ ಕದಲುತ್ತದೆ, ಚಿಪ್ಪಿನೊಳಗೆ ಹೆಚ್ಚು ಜಾಗ ಹಿಡಿಯುತ್ತದೆ. ಒತ್ತಡ ಥಟ್ಟನೆ ಏರುತ್ತದೆ. ಆದ್ದರಿಂದ ಮದ್ದು ತಯಾರಿಸುವವರ ಪಟ್ಟಿಯೇ ಪ್ರಮಾಣ. ಅದರಲ್ಲಿಯೂ ಕೆಳಗಿನ ಅಂಕಿಯಿಂದ ಹೊರಡಬೇಕು.

ಇನ್ನೊಂದು ಅಪಾಯ ಇತಿಹಾಸದಿಂದಲೇ ಬಂದದ್ದು. ಗುರಿಕಾರರ ಅಚ್ಚುಮೆಚ್ಚಿನ ಪಾಯಿಂಟ್ 38 ಸ್ಪೆಷಲ್ ತೋಟೆ ಹುಟ್ಟಿದ್ದು 1900ರ ಆಸುಪಾಸಿನಲ್ಲಿ, ಸುಮಾರು 21 ಗ್ರೇನ್ ಕಪ್ಪು ಮದ್ದಿಗಾಗಿ. ಅದರಲ್ಲಿ ಚಿಪ್ಪು ತುಂಬುತ್ತಿತ್ತು. ಹೊಗೆರಹಿತ ಮದ್ದು ಬಂದ ಮೇಲೆ 148 ಗ್ರೇನಿನ ಚಪ್ಪಟೆ ಮೂತಿಯ ಗುಂಡಿಗೆ ‘ಬುಲ್ಸ್‌ಐ’ ಮದ್ದು 2.7 ಗ್ರೇನ್ ಸಾಕೆಂಬುದು ಪ್ರಸಿದ್ಧ ಅಳತೆಯಾಯಿತು. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಅದು ಒಂದೂವರೆ ಗುಲಗಂಜಿಯೂ ಇಲ್ಲ! ಚಿಪ್ಪು ಮುಕ್ಕಾಲುಪಾಲು ಖಾಲಿ. ಗಮನ ತಪ್ಪಿ ಎರಡು ಸಲ ಸುರಿದರೂ ತುಳುಕುವುದಿಲ್ಲ. ಪಿಸ್ತೂಲು ಮಾತ್ರ ಕೈಯಲ್ಲೇ ಒಡೆದೀತು. ಕಪ್ಪು ಮದ್ದಿನ ಕಾಲದಲ್ಲಿ ಚಿಪ್ಪೇ ಅಳತೆಯಾಗಿತ್ತು, ಈಗ ಮನುಷ್ಯನ ಎಚ್ಚರವೇ ಅಳತೆ. ಗುಂಡು ಕೂರಿಸುವ ಮುನ್ನ ಒಂದೊಂದು ಚಿಪ್ಪನ್ನೂ ದೀಪದ ಕೆಳಗೆ ಇಣುಕಿ ನೋಡುವುದು ಬಲ್ಲವರ ಪದ್ಧತಿ.

ಹೆಚ್ಚು ಮದ್ದು ಹಾಕಿದವನೇ ಗೆಲ್ಲುತ್ತಾನೆಂಬುದು ತಪ್ಪು ತಿಳಿವಳಿಕೆ. ಗೆಲ್ಲುವುದು ನೂರು ತೋಟೆಗಳಲ್ಲೂ ಒಂದೇ ತೂಕ ಹಾಕಿದವನು. ಅತಿಯಾದರೆ ಅಮೃತವೂ ವಿಷವೆನ್ನುತ್ತೇವೆ. ಮದ್ದಿಗಂತೂ ಆ ಮಾತು ಅಕ್ಷರಶಃ ಸಲ್ಲುತ್ತದೆ. ಗ್ರಾವೆಸಾಂಡೆಯ ಉಪಕರಣಗಳು ಲೈಡನ್ನಿನ ಬೂರ್ಹಾವೆ ವಸ್ತುಸಂಗ್ರಹಾಲಯದಲ್ಲಿವೆ. ಬಿಡುವಿನ ಭಾನುವಾರ ಮಕ್ಕಳನ್ನು ಕರೆದೊಯ್ದು ತೋರಿಸಬಹುದು.