ಪಾಠಶಾಲೆಯೂ ಆರೋಗ್ಯಶಾಸನವೂ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯ ಮಾತು ಬೇರೆ ಬೇರೆಯಾದರೂ ಅದರ ಭಾವವು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವುದು. ಸಮಾಜವನ್ನು ತಿದ್ದಬೇಕೆಂದು ಹೊರಟವರು ಒಂದಲ್ಲ ಒಂದು ದಿನ ಪಾಠಶಾಲೆಯ ಬಾಗಿಲಿಗೆ ಬಂದು ನಿಲ್ಲುವುದು ಇದರಿಂದಲೇ. ಬೆಳೆದವರ ದುರಭ್ಯಾಸವನ್ನು ಬಿಡಿಸುವುದು ಕಷ್ಟ. ಎಳೆಯರಲ್ಲಿ ಅದು ಅಂಕುರಿಸದಂತೆ ನೋಡಿಕೊಳ್ಳುವುದು ಸುಲಭ. ಈ ವಾದವು ಒಪ್ಪತಕ್ಕದ್ದೇ ಸರಿ. ಆದರೆ ಮಕ್ಕಳಿಗೆ ಯಾವ ಪಾಠವನ್ನು ಎಷ್ಟು ಹೇಳಬೇಕೆಂಬುದನ್ನು ಶಾಸನವೇ ಗೊತ್ತುಮಾಡಹೊರಟಾಗ, ಆ ಪಾಠವು ಸತ್ಯವೇ ಎಂದು ಪರೀಕ್ಷಿಸುವ ಹೊಣೆ ಯಾರದು? ಈ ಪ್ರಶ್ನೆಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಎದ್ದಂತೆ ಮತ್ತೆಲ್ಲಿಯೂ ಎದ್ದಿರಲಾರದು. ಅಲ್ಲಿಯ ಸಾರ್ವಜನಿಕ ಶಾಲೆಗಳಲ್ಲಿ ಆರೋಗ್ಯಬೋಧನೆಯು ಕಡ್ಡಾಯವಾದ ಕಥೆಯು ಉಪದೇಶಪ್ರದವಾದುದು.

ಮಸಾಚುಸೆಟ್ಸ್ ಸಂಸ್ಥಾನದ ವಿದ್ಯಾಮಂಡಲಿಗೆ 1837ರಿಂದ 1848ರವರೆಗೆ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನ್ ಎಂಬ ಮಹನೀಯನು ಈ ವಿಷಯದಲ್ಲಿ ಮೊದಲು ಧ್ವನಿಯೆತ್ತಿದವರಲ್ಲಿ ಒಬ್ಬನು. ದೇಹದ ಧರ್ಮಗಳನ್ನು ತಿಳಿಯದವನು ಎಷ್ಟು ಓದಿದರೂ ಅರ್ಧ ವಿದ್ಯಾವಂತನೇ ಎಂಬುದು ಆತನ ಮತವಾಗಿದ್ದಿತು. 1842ರ ವಾರ್ಷಿಕ ವರದಿಯಲ್ಲಿ ಆತನು ಶರೀರಶಾಸ್ತ್ರವನ್ನು ಶಾಲೆಗಳಲ್ಲಿ ಕಲಿಸಬೇಕೆಂದು ವಿಸ್ತಾರವಾಗಿ ವಾದಿಸಿದನು. 1850ರಲ್ಲಿ ಅದೇ ಸಂಸ್ಥಾನದ ಲೆಮ್ಯುಯೆಲ್ ಶ್ಯಾಟಕ್ ಎಂಬವನು ಸಾರ್ವಜನಿಕ ಆರೋಗ್ಯವನ್ನು ಕುರಿತ ಪ್ರಸಿದ್ಧವಾದ ವರದಿಯನ್ನು ಹೊರಡಿಸಿದನು. ಇವರ ಮನಸ್ಸಿನಲ್ಲಿದ್ದುದು ಗಾಳಿ, ನೀರು, ಬೆಳಕು, ಶುಚಿತ್ವ, ವ್ಯಾಯಾಮ ಇವುಗಳ ಜ್ಞಾನವು. ಆದರೆ ಅಂತಹ ಜ್ಞಾನವನ್ನು ದೇಶದ ಎಲ್ಲ ಶಾಲೆಗಳಿಗೂ ಒಯ್ಯುವ ಬಲವು ಇವರ ವರದಿಗಳಿಗೆ ಇರಲಿಲ್ಲ. ಆ ಬಲವು ಬಂದುದು ಮತ್ತೊಂದು ದಿಕ್ಕಿನಿಂದ.

1874ರಲ್ಲಿ ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕ್ರೈಸ್ತ ಮಹಿಳೆಯರ ಪಾನನಿರೋಧ ಸಂಘವು ಸ್ಥಾಪಿತವಾಯಿತು. ಗಂಡನ ಸಂಪಾದನೆಯು ಹೆಂಡದಂಗಡಿಯಲ್ಲಿ ಕರಗಿ, ಮನೆಯಲ್ಲಿ ಹಸಿವೂ ಹೊಡೆತವೂ ಉಳಿಯುತ್ತಿದ್ದ ಸಂಸಾರಗಳು ಆಗ ಲೆಕ್ಕವಿಲ್ಲದಷ್ಟಿದ್ದುವು. ಆ ಸ್ತ್ರೀಯರಿಗೆ ಮತ ಕೊಡುವ ಹಕ್ಕು ಇರಲಿಲ್ಲ. ದೇಶದಲ್ಲೆಲ್ಲ ಅದು ದೊರೆತುದು 1920ರಲ್ಲಿ. ಹೀಗಿರಲು ಅವರ ಕೈಯಲ್ಲಿದ್ದ ಆಯುಧಗಳು ಎರಡೇ: ಒಂದು ಮನವಿಪತ್ರ, ಮತ್ತೊಂದು ಮಕ್ಕಳು. ಈ ಎರಡನ್ನೂ ಕೂಡಿಸಿ ಪ್ರಬಲವಾದ ಚಳವಳಿಯನ್ನು ಕಟ್ಟಿದವಳು ಮೇರಿ ಹಂಟ್ ಎಂಬ ಉಪಾಧ್ಯಾಯಿನಿ.

ಮೇರಿ ಹಂಟಳು 1830ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಜನಿಸಿದಳು. ಮದುವೆಗೆ ಮೊದಲು ವಿಜ್ಞಾನವನ್ನು ಬೋಧಿಸುತ್ತಿದ್ದಳು. ಮಗನ ರಸಾಯನಶಾಸ್ತ್ರದ ಅಭ್ಯಾಸಕ್ಕೆ ನೆರವಾಗುತ್ತ, ಮದ್ಯಸಾರವು ದೇಹದ ಮೇಲೆ ಮಾಡುವ ಪರಿಣಾಮಗಳನ್ನು ಓದಿದ ಆಕೆಗೆ, ಈ ಜ್ಞಾನವು ಪ್ರತಿಯೊಂದು ಮಗುವಿಗೂ ದೊರೆತರೆ ಮುಂದಿನ ಪೀಳಿಗೆಯು ಕುಡಿತವನ್ನು ಮುಟ್ಟಲಾರದೆಂಬ ನಂಬಿಕೆ ಹುಟ್ಟಿತು. 1880ರಲ್ಲಿ ಸಂಘವು ತನ್ನ ಬೋಧನಾ ಶಾಖೆಯ ಮೇಲ್ವಿಚಾರಣೆಯನ್ನು ಆಕೆಗೆ ವಹಿಸಿತು. ಉಪಾಧ್ಯಾಯರನ್ನೂ ಶಾಲಾಸಮಿತಿಗಳನ್ನೂ ಒಬ್ಬೊಬ್ಬರನ್ನಾಗಿ ಒಲಿಸುತ್ತ ಕುಳಿತರೆ ಕಾಲ ಸಾಲದೆಂದು ಕಂಡ ಆಕೆಯು ಶಾಸನಸಭೆಗಳ ಕಡೆಗೆ ತಿರುಗಿದಳು. ಸಭೆಗಳ ಸದಸ್ಯರ ಊರೂರುಗಳಿಂದ ಮನವಿಗಳು ಬಂದು ಬಿದ್ದುವು. ಸಭಾಂಗಣದ ಮೇಲಂತಸ್ತುಗಳಲ್ಲಿ ಮಹಿಳೆಯರು ಕಿಕ್ಕಿರಿದು ಕುಳಿತರು. 1882ರಲ್ಲಿ ವರ್ಮಾಂಟ್ ಸಂಸ್ಥಾನವು ಮೊದಲನೆಯ ಶಾಸನವನ್ನು ಮಾಡಿತು. 1883ರಲ್ಲಿ ಮಿಷಿಗನ್ ಮತ್ತು ನ್ಯೂ ಹ್ಯಾಂಪ್‌ಷೈರ್, 1884ರಲ್ಲಿ ನ್ಯೂಯಾರ್ಕ್, 1885ರಲ್ಲಿ ಪೆನ್ಸಿಲ್ವೇನಿಯಾ ಅದನ್ನು ಹಿಂಬಾಲಿಸಿದುವು. 1886ರ ಮೇ 20ರಂದು ರಾಷ್ಟ್ರದ ಮಹಾಸಭೆಯು ರಾಜಧಾನಿಗೂ, ತನ್ನ ಆಡಳಿತದಲ್ಲಿದ್ದ ಪ್ರಾಂತಗಳಿಗೂ, ಸೈನಿಕ ಹಾಗೂ ನೌಕಾ ವಿದ್ಯಾಲಯಗಳಿಗೂ ಅದೇ ವಿಧಿಯನ್ನು ಅನ್ವಯಿಸಿತು. ಈ ವಿಷಯದಲ್ಲಿ ಪರೀಕ್ಷೆ ಕೊಡದವರಿಗೆ ಅಲ್ಲಿ 1888ರಿಂದ ಉಪಾಧ್ಯಾಯ ಪತ್ರವು ದೊರೆಯದಂತಾಯಿತು. 1901ರಲ್ಲಿ ಜಾರ್ಜಿಯಾ ಸಂಸ್ಥಾನವೂ ಸೇರಲು, ಆಗಿದ್ದ ಸಂಸ್ಥಾನಗಳಲ್ಲಿ ಈ ಶಾಸನವಿಲ್ಲದ ಒಂದೂ ಉಳಿಯಲಿಲ್ಲ. ಮತದಾನದ ಹಕ್ಕಿಲ್ಲದವರು ಇಪ್ಪತ್ತು ವರ್ಷಗಳೊಳಗೆ ಒಂದು ಮಹಾದೇಶದ ಪಠ್ಯಕ್ರಮವನ್ನು ಬದಲಾಯಿಸಿದ ಈ ಕಾರ್ಯವು ಸಾಮಾನ್ಯವಾದುದಲ್ಲ.

ಶಾಸನವು ಹೇಳಿದುದು ಶರೀರಶಾಸ್ತ್ರವನ್ನೂ ಆರೋಗ್ಯಶಾಸ್ತ್ರವನ್ನೂ ಮಾದಕ ಪದಾರ್ಥಗಳ ಪರಿಣಾಮಗಳಿಗೆ ವಿಶೇಷ ಗಮನ ಕೊಟ್ಟು ಕಲಿಸಬೇಕೆಂದು. ಆ ವಿಶೇಷ ಗಮನವೇ ಕ್ರಮೇಣ ವಿಷಯವನ್ನೆಲ್ಲ ನುಂಗಿತು. ಪ್ರಕಾಶಕರು ತಮ್ಮ ಪುಸ್ತಕಗಳಿಗೆ ಮೇರಿ ಹಂಟಳ ಅನುಮೋದನೆಯನ್ನು ಪಡೆಯಬೇಕಾಯಿತು. ಕೆಳಗಿನ ತರಗತಿಗಳ ಪುಸ್ತಕದಲ್ಲಿ ಕಾಲು ಭಾಗವೂ, ಮೇಲಿನ ತರಗತಿಗಳ ಪುಸ್ತಕದಲ್ಲಿ ಕನಿಷ್ಠ 20 ಪುಟಗಳೂ ಮದ್ಯ ಮತ್ತು ಹೊಗೆಸೊಪ್ಪುಗಳಿಗೆ ಮೀಸಲಾಗಿರತಕ್ಕದ್ದೆಂದು ಆಕೆಯ ಕಟ್ಟಳೆ. 1895ರ ನ್ಯೂಯಾರ್ಕಿನ ಶಾಸನವು ಇನ್ನೂ ಮುಂದೆ ಹೋಗಿ, ವರ್ಷದಲ್ಲಿ ಹತ್ತು ವಾರಗಳಿಗೆ ಕಡಮೆಯಿಲ್ಲದೆ ವಾರಕ್ಕೆ ನಾಲ್ಕು ಪಾಠಗಳೆಂದು ಲೆಕ್ಕವನ್ನೇ ಗೊತ್ತುಮಾಡಿತು. ಬಾಲಕನು ತರಗತಿಯಿಂದ ತರಗತಿಗೆ ಏರಿದಂತೆಲ್ಲ ಅದೇ ಪಾಠವನ್ನು ಮತ್ತೆ ಮತ್ತೆ ಕೇಳಬೇಕಾಯಿತು. ಅನುಮೋದಿತ ಪುಸ್ತಕಗಳ ಗೌರವಧನದಲ್ಲಿ ಒಂದು ಪಾಲು ಆಕೆಯ ಕಾರ್ಯಾಲಯದ ವೆಚ್ಚಕ್ಕೆ ಸಲ್ಲುತ್ತಿದ್ದಿತೆಂಬ ಸಂಗತಿಯು ಆಕೆಯ ಮರಣಾನಂತರ ಸಂಘಕ್ಕೆ ಸಂಕೋಚವನ್ನುಂಟುಮಾಡಿತು.

ಪಾಠದ ರೀತಿಯಾದರೂ ಎಂತಹುದು? ಉಪಾಧ್ಯಾಯನು ಮೊಟ್ಟೆಯ ಬಿಳಿಭಾಗವನ್ನು ಗಾಜಿನ ಪಾತ್ರೆಯಲ್ಲಿಟ್ಟು ಅದರ ಮೇಲೆ ಮದ್ಯಸಾರವನ್ನು ಸುರಿಯುವನು; ಅದು ಬೆಳ್ಳಗೆ ಗಟ್ಟಿಯಾಗುವುದು. ಕುಡುಕನ ಮಿದುಳೂ ಹೀಗೆಯೇ ಆಗುವುದೆಂದು ಮಕ್ಕಳಿಗೆ ಹೇಳಲಾಗುವುದು. ನೋಟವು ಮನಸ್ಸಿನಲ್ಲಿ ನಿಲ್ಲುವಂತಹುದೇ. ಆದರೆ ಪಾತ್ರೆಯಲ್ಲಿ ಸುರಿದ ಅಪ್ಪಟ ಮದ್ಯಸಾರಕ್ಕೂ, ರಕ್ತದಲ್ಲಿ ಬೆರೆತು ಅತ್ಯಂತ ತೆಳುವಾಗಿ ಮಿದುಳನ್ನು ಸೇರುವ ಮದ್ಯಕ್ಕೂ ಇರುವ ಅಂತರವನ್ನು ಯಾರೂ ಹೇಳುತ್ತಿರಲಿಲ್ಲ. ಮದ್ಯವು ದೇಹದಲ್ಲಿ ಕಿಂಚಿತ್ತೂ ಪಚನವಾಗದೆ ಇದ್ದ ಹಾಗೆಯೇ ಹೊರಬೀಳುವುದೆಂಬ ಬೋಧೆಗೆ ಫ್ರಾನ್ಸಿನ ಮೂವರು ಸಂಶೋಧಕರು 1860ರಲ್ಲಿ ಪ್ರಕಟಿಸಿದ ಪ್ರಯೋಗಗಳು ಆಧಾರವಾಗಿದ್ದುವು. ಆ ನಿರ್ಣಯವನ್ನು ಇಂಗ್ಲೆಂಡಿನ ವೈದ್ಯನಾದ ಆನ್‌ಸ್ಟಿಯು ಬಹು ಬೇಗನೆ ಪ್ರಶ್ನಿಸಿದ್ದರೂ ಪಠ್ಯಪುಸ್ತಕಗಳಿಗೆ ಆ ಸುದ್ದಿ ಮುಟ್ಟಲಿಲ್ಲ.

ಈ ಕೊರತೆಯನ್ನು ಬಯಲಿಗೆ ತಂದವನು ಕನೆಕ್ಟಿಕಟ್ ಸಂಸ್ಥಾನದ ವೆಸ್ಲಿಯನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞನಾದ ಆಟ್ವಾಟರ್. ಸುಮಾರು 7 ಅಡಿ ಉದ್ದವೂ 4 ಅಡಿ ಅಗಲವೂ ಉಳ್ಳ ಒಂದು ಮುಚ್ಚಿದ ಕೋಣೆಯನ್ನು ಕಟ್ಟಿಸಿ, ಅದರಲ್ಲಿ ಮನುಷ್ಯನನ್ನು ಹಲವು ದಿನ ಇರಿಸಿ, ಆತನು ತಿಂದ ಅನ್ನವೆಷ್ಟು, ಬಿಟ್ಟ ಉಸಿರೆಷ್ಟು, ಹೊರಸೂಸಿದ ಶಾಖವೆಷ್ಟು ಎಂಬುದನ್ನೆಲ್ಲ ಆತನು ಅಳೆಯುತ್ತಿದ್ದನು. ದಿನಕ್ಕೆ ಸುಮಾರು 72 ಗ್ರಾಂ ಮದ್ಯಸಾರವನ್ನು ಆರು ಭಾಗಗಳಾಗಿ ಕೊಟ್ಟು ನೋಡಿದಾಗ, ಅದರಲ್ಲಿ ನೂರಕ್ಕೆ 98 ಪಾಲು ದೇಹದಲ್ಲಿ ದಹನವಾಗಿ ಶಕ್ತಿಯನ್ನು ಕೊಡುವುದೆಂದು ಕಂಡುಬಂದಿತು. 1899ರಲ್ಲಿ ಇದನ್ನು ಪ್ರಕಟಿಸಲು, ಕುಡಿತಕ್ಕೆ ಪ್ರೋತ್ಸಾಹ ಕೊಟ್ಟನೆಂದು ಆತನ ಮೇಲೆ ನಿಂದೆಯ ಸುರಿಮಳೆಯೇ ಆಯಿತು. ಆದರೆ ಆತನು ಕುಡಿತದ ಪಕ್ಷಪಾತಿಯಾಗಿರಲಿಲ್ಲ. ಹುಡುಗನು ದೊಡ್ಡವನಾಗಿ, ಶಾಲೆಯಲ್ಲಿ ಕೇಳಿದುದು ಸುಳ್ಳೆಂದು ಅರಿತ ದಿನ, ಆ ಪಾಠದಲ್ಲಿದ್ದ ನಿಜವನ್ನೂ ತೊರೆದುಬಿಡುವನು ಎಂಬುದೇ ಆತನ ಭಯವಾಗಿದ್ದಿತು.

1893ರಲ್ಲಿ ದೇಶದ ಹಲವು ಗಣ್ಯ ವಿದ್ವಾಂಸರು ಮದ್ಯದ ಸಮಸ್ಯೆಯನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಲು ಐವತ್ತು ಮಂದಿಯ ಸಮಿತಿಯೊಂದನ್ನು ಏರ್ಪಡಿಸಿಕೊಂಡಿದ್ದರು. ಹಾರ್ವರ್ಡಿನ ಶರೀರಶಾಸ್ತ್ರಜ್ಞನಾದ ಬೌಡಿಚ್, ವೈದ್ಯವಿದ್ವಾಂಸನಾದ ಬಿಲ್ಲಿಂಗ್ಸ್ ಮೊದಲಾದವರು ಅದರಲ್ಲಿದ್ದರು. 1903ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಅವರ ವರದಿಯು ಶಾಲೆಗಳ ಈ ಬೋಧನೆಯು ಶಾಸ್ತ್ರದ ಒರೆಗಲ್ಲಿಗೆ ನಿಲ್ಲದೆಂದು ಸಾರಿತು. ಮೇರಿ ಹಂಟಳು 1904ರಲ್ಲಿ ದೀರ್ಘವಾದ ಪ್ರತ್ಯುತ್ತರವನ್ನು ಬರೆದಳು. 1906ರಲ್ಲಿ ಆಕೆಯು ತೀರಿಕೊಂಡಳು. ಮರುವರ್ಷವೇ ಆಟ್ವಾಟರನೂ ಕಾಲವಾದನು.

ಈ ವ್ಯಾಜ್ಯದ ನಡುವೆ ಮರೆಯಾದುದು ಮಕ್ಕಳ ಆರೋಗ್ಯವೇ. ವರ್ಮಾಂಟಿನ ಶಾಸನವಾದ 1882ರಲ್ಲಿಯೇ ಜರ್ಮನಿಯಲ್ಲಿ ರಾಬರ್ಟ್ ಕಾಖನು ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದನೆಂಬುದು ಇಲ್ಲಿ ಸ್ಮರಣೀಯ. ಕ್ಷಯ, ಗಂಟಲಮಾರಿ, ಕಜ್ಜಿ, ಕಣ್ಣುರೋಗಗಳು ಇಕ್ಕಟ್ಟಾದ ಶಾಲೆಗಳಲ್ಲಿ ಬಾಲಕರನ್ನು ಪೀಡಿಸುತ್ತಿದ್ದರೂ ಪುಟಗಳ ಲೆಕ್ಕದಲ್ಲಿ ಅವುಗಳಿಗೆ ಮೀಸಲು ಇರಲಿಲ್ಲ. ಗಂಟಲಮಾರಿಯ ಹಾವಳಿಯ ತರುವಾಯ 1894ರಲ್ಲಿ ಬಾಸ್ಟನ್ ನಗರವು ಶಾಲೆಗಳಿಗೆ ವೈದ್ಯರನ್ನು ಕಳುಹಿಸತೊಡಗಿತು. ನ್ಯೂಯಾರ್ಕಿನಲ್ಲಿ ವೈದ್ಯರು ರೋಗ ಕಂಡ ಮಕ್ಕಳನ್ನು ಮನೆಗೆ ಅಟ್ಟುತ್ತಿದ್ದರು. ಮನೆಯಲ್ಲಿ ಶುಶ್ರೂಷೆ ಮಾಡುವವರಿರಲಿಲ್ಲ. 1902ರಲ್ಲಿ ಲಿನಾ ರಾಜರ್ಸ್ ಎಂಬ ದಾದಿಯು ಶಾಲೆಗಳಿಗೆ ಹೋಗಿ, ಗಾಯಗಳನ್ನು ತೊಳೆದು, ಔಷಧ ಹಚ್ಚಿ, ಮನೆಗಳಿಗೆ ನಡೆದು ತಾಯಂದಿರಿಗೆ ಕಲಿಸಿದಳು. ಆ ವರ್ಷದ ಸೆಪ್ಟೆಂಬರಿನಲ್ಲಿ ಶಾಲೆಯಿಂದ ಹೊರಕಳುಹಿಸಲ್ಪಟ್ಟ ಮಕ್ಕಳು 10,567. ದಾದಿಯರ ಕೆಲಸವು ಹಬ್ಬಿದ ಮೇಲೆ 1903ರ ಸೆಪ್ಟೆಂಬರಿನಲ್ಲಿ 1,101. ಸಾವಿರ ಪುಟಗಳು ಮಾಡದ ಕೆಲಸವನ್ನು ಬಿಸಿನೀರೂ ಬಟ್ಟೆಯೂ ಕರುಣೆಯುಳ್ಳ ಎರಡು ಕೈಗಳೂ ಮಾಡಿದುವು.

ಆರೋಗ್ಯದ ಮಾತು ಹೀಗಾದರೆ, ಅಪಾಯದಿಂದ ರಕ್ಷಿಸಿಕೊಳ್ಳುವ ಶಿಕ್ಷಣದ ಮಾತು ಇನ್ನೂ ಕಠೋರವಾದುದು. ಪಾನನಿರೋಧ ಸಂಘವು ಹುಟ್ಟಿದ ಕ್ಲೀವ್‌ಲ್ಯಾಂಡಿನ ಪಕ್ಕದ ಕಾಲಿನ್‌ವುಡ್ ಎಂಬ ಊರಿನ ಶಾಲೆಗೆ 1908ರ ಮಾರ್ಚಿ 4ರಂದು ಬೆಂಕಿ ಬಿದ್ದಿತು. ಮುಂಬಾಗಿಲ ಮೆಟ್ಟಿಲುಗಳ ಕಡೆ ಜ್ವಾಲೆಯು ಏಳಲು, ಮಕ್ಕಳು ಹಿಂಬಾಗಿಲಿಗೆ ನುಗ್ಗಿ, ಅಲ್ಲಿಯ ಇಕ್ಕಟ್ಟಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. 172 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ರಕ್ಷಿಸಲು ಬಂದ ಒಬ್ಬನೂ ಮಡಿದರು. ಈ ದುರಂತದ ಬಳಿಕ ಶಾಲಾಕಟ್ಟಡಗಳ ಬಾಗಿಲು ಮೆಟ್ಟಿಲುಗಳ ವಿಷಯದಲ್ಲಿಯೂ, ಬೆಂಕಿಯ ಕಾಲದಲ್ಲಿ ಹೊರಬರುವ ಅಭ್ಯಾಸದ ವಿಷಯದಲ್ಲಿಯೂ ದೇಶದಲ್ಲೆಲ್ಲ ಕಟ್ಟುನಿಟ್ಟು ಹೆಚ್ಚಿತು. ಇಲ್ಲಿ ಉಪದೇಶವೊಂದೇ ಸಾಲದೆಂಬುದು ಸ್ಪಷ್ಟ. ಮಗುವಿಗೆ ಓಡುವ ದಾರಿಯನ್ನು ಕಲಿಸುವ ಮೊದಲು ದಾರಿಯನ್ನು ಕಟ್ಟಿರಬೇಕು.

ಮೊದಲನೆಯ ಮಹಾಯುದ್ಧದಲ್ಲಿ ಸೇನೆಗೆ ಕರೆಯಲ್ಪಟ್ಟ ಅನೇಕ ತರುಣರು ದೇಹಪರೀಕ್ಷೆಯಲ್ಲಿ ಅನರ್ಹರಾದುದು ದೇಶದ ಕಣ್ಣನ್ನು ತೆರೆಯಿಸಿತು. 1918ರಲ್ಲಿ ಶಿಶುಆರೋಗ್ಯಕ್ಕಾಗಿ ಒಂದು ಸಂಸ್ಥೆಯು ಏರ್ಪಟ್ಟು, ಸ್ಯಾಲಿ ಲ್ಯೂಕಸ್ ಜೀನ್ ಎಂಬಾಕೆಯ ಶ್ರಮದಿಂದ ಭಯದ ಪಾಠಕ್ಕೆ ಬದಲಾಗಿ ಹಾಲು, ತರಕಾರಿ, ನಿದ್ರೆ, ಸ್ನಾನಗಳ ಅಭ್ಯಾಸವು ಶಾಲೆಗೆ ಬಂದಿತು. ಆರೋಗ್ಯಶಿಕ್ಷಣವೆಂಬ ಹೆಸರು ಅಲ್ಲಿ ಬಳಕೆಗೆ ಬಂದುದೂ ಈ ಕಾಲದಲ್ಲಿಯೇ. ಇತ್ತ ಹಂಟಳ ಪಾಠಗಳನ್ನು ಕೇಳಿ ಬೆಳೆದ ಪೀಳಿಗೆಯ ಕಾಲದಲ್ಲಿ, 1920ರಲ್ಲಿ, ದೇಶವ್ಯಾಪಿಯಾದ ಪಾನನಿಷೇಧವು ಜಾರಿಗೆ ಬಂದಿತು. 1933ರಲ್ಲಿ ಅದು ರದ್ದಾಯಿತು.

ಕಾಲವು ಈ ಕಥೆಗೆ ಇನ್ನೊಂದು ತಿರುವನ್ನು ಕೊಟ್ಟಿದೆ. 1964ರಲ್ಲಿ ಅಮೆರಿಕಾ ಸರ್ಕಾರದ ಪ್ರಧಾನ ವೈದ್ಯಾಧಿಕಾರಿಯ ವರದಿಯು ಧೂಮಪಾನವು ಶ್ವಾಸಕೋಶದ ಅರ್ಬುದಕ್ಕೆ ಕಾರಣವೆಂದು ಸ್ಥಾಪಿಸಿತು. 1988ರಲ್ಲಿ ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಮದ್ಯವನ್ನು ಅರ್ಬುದಜನಕ ಪದಾರ್ಥಗಳ ಸಾಲಿಗೆ ಸೇರಿಸಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಎಷ್ಟು ಅಲ್ಪವಾದರೂ ಮದ್ಯವು ನಿರಪಾಯಕರವೆನ್ನಲಾಗದೆಂದು ಸಾರಿತು. ಹಾಗಾದರೆ ಆ ತಾಯಂದಿರು ಹೇಳಿದುದೇ ನಿಜವಾಯಿತಲ್ಲವೆ ಎಂದು ವಾಚಕರು ಕೇಳಬಹುದು. ನಿರ್ಣಯವು ಬಹುಮಟ್ಟಿಗೆ ನಿಜ; ಆದರೆ ಅದಕ್ಕೆ ಅವರ ಪುಸ್ತಕಗಳು ಕೊಟ್ಟ ಕಾರಣಗಳಲ್ಲಿ ಅನೇಕವು ನಿಜವಲ್ಲ. ಆಟ್ವಾಟರನ ಅಳತೆಗಳೂ ಸುಳ್ಳಾಗಲಿಲ್ಲ. ದಹನವಾಗಿ ಶಾಖ ಕೊಡುವ ವಸ್ತುವು ಹಾನಿಯನ್ನೂ ಮಾಡಬಲ್ಲುದೆಂಬುದನ್ನು ಮುಂದಿನ ಶಾಸ್ತ್ರವು ತೋರಿಸಿತು. ಶಾಸ್ತ್ರವು ದಿನೇ ದಿನೇ ತನ್ನನ್ನು ತಾನೇ ತಿದ್ದಿಕೊಳ್ಳುವುದು. ಶಾಸನದಲ್ಲಿ ಬಂಧಿತವಾದ ಪಾಠವು ಹಾಗೆ ತಿದ್ದಿಕೊಳ್ಳಲಾರದು.

ಮಕ್ಕಳ ಕ್ಷೇಮಕ್ಕಾಗಿ ಶಾಸನವು ಬೇಕೇ ಬೇಕು. ಬಾಗಿಲು ಅಗಲವಾಗಿರಲಿ, ನೀರು ಶುದ್ಧವಾಗಿರಲಿ, ವೈದ್ಯನೂ ದಾದಿಯೂ ಬರಲಿ, ಆರೋಗ್ಯದ ಪಾಠಕ್ಕೆ ವೇಳೆ ದೊರೆಯಲಿ ಎಂದು ಅದು ಆಜ್ಞಾಪಿಸಬಹುದು. ಆ ವೇಳೆಯಲ್ಲಿ ಏನನ್ನು ನಿಜವೆಂದು ಹೇಳಬೇಕೆಂಬುದನ್ನು ಮಾತ್ರ ಬಲ್ಲವರ ಪರೀಕ್ಷೆಗೆ ಬಿಡುವುದು ಲೇಸು. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಅಸತ್ಯವನ್ನು ದೊಡ್ಡವರು ಕ್ಷಮಿಸಿಯಾರು. ನಂಬಿ ಕೇಳಿದ ಮಗುವು ಅಷ್ಟು ಸುಲಭವಾಗಿ ಕ್ಷಮಿಸದು.