ಹೆಸರು ಹೇಳಿದ ಹಾಡು

ಹಾಡು ಮುಗಿದೊಡನೆ ಗಾಯಕರು ತಮ್ಮ ಹೆಸರನ್ನು ತಾವೇ ಸಾರಿಕೊಳ್ಳುವ ವಾಡಿಕೆ ನಮ್ಮ ಕಛೇರಿಗಳಲ್ಲಿ ಇಲ್ಲ. ಆದರೆ ಈ ದೇಶದಲ್ಲಿ ಮುದ್ರಣಗೊಂಡ ಅತಿ ಹಳೆಯ ಗ್ರಾಮಫೋನ್ ಪ್ಲೇಟುಗಳಲ್ಲಿ ಅಂಥ ಸಾರುವಿಕೆ ಉಂಟು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣ ತಜ್ಞರು ಕಲ್ಕತ್ತೆಗೆ ಬಂದು ಗೋಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಎರಡು ಮೂರು ನಿಮಿಷಗಳಲ್ಲಿ ಹಾಡನ್ನು ಮುಗಿಸಿ, ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು.

ಇದು ಜಂಭದ ಮಾತಲ್ಲ, ವ್ಯವಹಾರದ ಮಾತು. ಆಗ ಪ್ಲೇಟುಗಳನ್ನು ಅಚ್ಚೊತ್ತುವ ಕಾರ್ಖಾನೆ ಇದ್ದದ್ದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿನ ಭಾಷೆಯೂ ತಿಳಿಯದು, ಹಾಡಿದವರ ಪರಿಚಯವೂ ಇಲ್ಲ. ಯಾವ ಪ್ಲೇಟು ಯಾರದೆಂಬುದಕ್ಕೆ ಆ ದನಿಯೇ ಗುರುತು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೋಹರ್ ಜಾನ್, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರು ಮಾತ್ರ ಆ ಪ್ಲೇಟುಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಮುಂದೆ ಯಂತ್ರಗಳು ಬದಲಾದವು. 1963ರಲ್ಲಿ ಕ್ಯಾಸೆಟ್ಟು ಬಂತು, 1982ರಲ್ಲಿ ಸಿ.ಡಿ. ಬಂತು. ಸಿ.ಡಿ.ಯದು ಲೆಕ್ಕದ ವಿದ್ಯೆ. ದನಿಯ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಅಂಕಿಗಳಾಗಿ ಬರೆದಿಡುವುದೇ ಅದರ ಕೆಲಸ. ಇಷ್ಟೆಲ್ಲ ಎಣಿಸಬಲ್ಲ ಆ ಬಿಲ್ಲೆಗೆ ತನ್ನಲ್ಲಿರುವ ಹಾಡಿನ ಹೆಸರು ಮೊದಲು ಗೊತ್ತಿರಲಿಲ್ಲ! ಎಷ್ಟು ಹಾಡುಗಳಿವೆ, ಒಂದೊಂದರ ಉದ್ದವೆಷ್ಟು ಎಂಬುದಷ್ಟನ್ನೇ ಅದು ತಿಳಿಸುತ್ತಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡವರಿಗೆ ಕಾಣುತ್ತಿದ್ದದ್ದು 'ಟ್ರ್ಯಾಕ್ 1', 'ಟ್ರ್ಯಾಕ್ 2' ಎಂಬ ಅನಾಮಧೇಯರ ಸಾಲು.

ಎಂ.ಪಿ.3 ಫೈಲುಗಳು ಬಳಕೆಗೆ ಬಂದಾಗಲೂ ಇದೇ ಕೊರತೆ. ಅದನ್ನು ನೀಗಲು 1996ರಲ್ಲಿ ಐ.ಡಿ.3 ಎಂಬ ಗುರುತುಚೀಟಿಯನ್ನು ರೂಪಿಸಿದರು. ಫೈಲಿನ ಕಟ್ಟಕಡೆಗೆ 128 ಬೈಟುಗಳಷ್ಟು ಜಾಗ. ಅದರಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರ ಹೆಸರಿಗೆ 30 ಅಕ್ಷರ. 94 ವರ್ಷಗಳ ಬಳಿಕ ಹಾಡು ಮತ್ತೆ ತನ್ನ ಕೊನೆಯಲ್ಲಿ ಹೆಸರು ಹೇಳಿಕೊಳ್ಳತೊಡಗಿತು!

ಆದರೆ ಚೀಟಿ ಪರದೇಶದ್ದು. ಸಂಗೀತದ 80 ಬಗೆಗಳ ಪಟ್ಟಿಯನ್ನು ಅದಕ್ಕೆ ಜೋಡಿಸಿದ್ದರು. ಅದರಲ್ಲಿ ಕರ್ನಾಟಕ ಸಂಗೀತದ ಹೆಸರೂ ಇಲ್ಲ, ಹಿಂದೂಸ್ತಾನಿಯ ಹೆಸರೂ ಇಲ್ಲ. ಕನ್ನಡ ಲಿಪಿಗೆ ಎಡೆಯಿಲ್ಲ. 1998ರಲ್ಲಿ ಚೀಟಿಯನ್ನು ಹಿಗ್ಗಿಸಿದ ಮೇಲೆ ಅನ್ಯ ಲಿಪಿಗಳಿಗೂ ವಾಗ್ಗೇಯಕಾರರಿಗೂ ಸ್ಥಳ ದೊರೆಯಿತು. ರಾಗಕ್ಕೆ, ತಾಳಕ್ಕೆ ಪ್ರತ್ಯೇಕ ಮನೆ ಆಗಲೂ ಸಿಗಲಿಲ್ಲ. ಬೇಕಾದವರು ಟಿಪ್ಪಣಿಯ ಮೂಲೆಯಲ್ಲಿ ಬರೆದುಕೊಳ್ಳಬೇಕು.

ಇದೇನು ಮಹಾ ಎಂದು ವಾಚಕರು ಕೇಳಬಹುದು. ಇಂದು ಮನೆಯ ಒಂದು ಮೂಲೆಯ ಪುಟ್ಟ ಪೆಟ್ಟಿಗೆಯಲ್ಲಿ ಸಾವಿರಾರು ಹಾಡುಗಳನ್ನು ಇರಿಸಿ, ತಂತಿಯ ಹಂಗಿಲ್ಲದೆ ಹಜಾರಕ್ಕೂ ಅಡುಗೆಮನೆಗೂ ಹರಿಸಬಹುದು. ಆದರೆ ಹೆಸರು ಹಿಡಿದು ಕರೆದರಷ್ಟೆ ಹಾಡು ಬಂದೀತು. ಹೆಸರಿಲ್ಲದ್ದು ಪೆಟ್ಟಿಗೆಯಲ್ಲಿದ್ದೂ ಇಲ್ಲದಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ತ್ಯಾಗರಾಜರ ಹೆಸರನ್ನು ಮೂರು ಬಗೆಯಾಗಿ ಬರೆದರೆ, ಯಂತ್ರದ ಪಾಲಿಗೆ ಅವರು ಮೂವರು ತ್ಯಾಗರಾಜರು!

ಅಂಗಡಿಯಲ್ಲಿ ಕೊಂಡ ಸಂಗೀತಕ್ಕೆ ಹೊದಿಕೆಯ ಮೇಲಾದರೂ ವಿವರವಿರುತ್ತದೆ. ಮದುವೆಯ ಚಪ್ಪರದಲ್ಲಿ, ರಾಮೋತ್ಸವದ ಪೆಂಡಾಲಿನಲ್ಲಿ ಮನೆಯವರೇ ಮುದ್ರಿಸಿಕೊಂಡ ಕ್ಯಾಸೆಟ್ಟುಗಳ ಗತಿಯೇನು? ಪಿಟೀಲು ಯಾರದು, ರಾಗ ಯಾವುದು, ನಡುವೆ ಭೇಷ್ ಎಂದವರು ಯಾರು ಎಂಬುದು ಕೆಲವರ ನೆನಪಿನಲ್ಲಿ ಮಾತ್ರ ಉಳಿದಿದೆ. ಅವರಿಗೂ ವಯಸ್ಸಾಗುತ್ತಿದೆ.

90 ನಿಮಿಷದ ಕ್ಯಾಸೆಟ್ಟನ್ನು ಅಂಕಿಗಳಾಗಿಸಲು ಸಾಮಾನ್ಯವಾಗಿ 90 ನಿಮಿಷವೇ ಬೇಕು. ಪೂರ್ತಿ ನುಡಿಸಿಯೇ ತೀರಬೇಕು. ಇದನ್ನು ಕಾಲಹರಣವೆಂದು ಬಗೆಯಬೇಕಾಗಿಲ್ಲ. ಆ ಹೊತ್ತಿನಲ್ಲಿ ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳಿಸಿ, ಅವರು ಗುರುತಿಸಿದ್ದನ್ನು ಕನ್ನಡದಲ್ಲೇ ಬರೆದಿಡುವುದು ಲೇಸು. ದನಿಯನ್ನು ಮುಂದಿನ ವರ್ಷವೂ ಇಳಿಸಿಕೊಳ್ಳಬಹುದೇನೋ. ಹೆಸರು ಬಲ್ಲವರು ಅಷ್ಟು ಕಾಲ ಕಾಯುತ್ತಾರೆಂಬ ಭರವಸೆಯಿಲ್ಲ.