ಹೊಲಿಗೆದಾರ ಜೋಡಣಾ ಸಾಧನಗಳು: ಹೃದಯ ಶಸ್ತ್ರಚಿಕಿತ್ಸೆಯಲ್ಲಿ

ಹೃದಯದ ಕವಾಟವನ್ನು ಬದಲಾಯಿಸುವಾಗ ಇಲ್ಲವೆ ದುರಸ್ತಿ ಮಾಡುವಾಗ ಹಾಕುವ ದಾರಗಳು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ, ಹಾಕಿದ ಕ್ರಮ ತಪ್ಪದಂತೆ ಹಿಡಿದಿಡುವ ಸಲಕರಣೆಗಳಿವು. ಕೃತಕ ಕವಾಟ ಕೂರಿಸಲು ಸಾಮಾನ್ಯವಾಗಿ 12ರಿಂದ 18 ಹೊಲಿಗೆ ಬೇಕು. ಪ್ರತಿ ದಾರದ ಎರಡು ತುದಿಗೂ ಒಂದೊಂದು ಸೂಜಿ. 15 ಹೊಲಿಗೆಯೆಂದರೆ ಗಾಯದಿಂದ ಹೊರಬರುವ ಎಳೆಗಳು 30. ಮೊದಲು ದಾರಗಳನ್ನೆಲ್ಲ ಕವಾಟದ ಬುಡದ ಬಳೆಯಲ್ಲಿ ಹಾಯಿಸಿ, ಆಮೇಲೆ ಅದೇ ಕ್ರಮದಲ್ಲಿ ಕೃತಕ ಕವಾಟದ ಬಟ್ಟೆಯಂಚಿಗೆ ಪೋಣಿಸಿ, ಕವಾಟವನ್ನು ದಾರಗಳ ಮೇಲೆ ಜಾರಿಸಿ ಕೆಳಗಿಳಿಸಿ, ಕೊನೆಗೆ ಗಂಟು ಹಾಕುತ್ತಾರೆ. ಒಂದು ಎಳೆ ಇನ್ನೊಂದರಡಿ ನುಸುಳಿದರೂ ಕವಾಟ ಸರಿಯಾಗಿ ಕೂರದೆ ಅಂಚಿನಲ್ಲಿ ರಕ್ತ ಸೋರಬಹುದು. ಬಿಡಿಸಿಕೊಂಡು ಕೂರಲು ಸಮಯವೂ ಇಲ್ಲ, ಅಷ್ಟು ಹೊತ್ತೂ ಹೃದಯ ನಿಂತಿರುತ್ತದೆ.

ಸೇಲಂ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮಾತಿನ ದೇವಾಂಗ ನೇಕಾರರಿಗೆ ಈ ತೊಡಕನ್ನು ವಿವರಿಸಿ ಹೇಳಬೇಕಿಲ್ಲ. ಮಗ್ಗದಲ್ಲಿ ಹಾಸಿನ ಪ್ರತಿ ಎಳೆಯೂ ಹಣಿಗೆಯಲ್ಲಿ ತನಗೆ ಗೊತ್ತುಮಾಡಿದ ಸಂದಿನಲ್ಲೇ ಹಾಯಬೇಕು. ಪಕ್ಕದ ಸಂದಿಗೆ ಹೋದ ಎಳೆಯ ತಪ್ಪು ಬಟ್ಟೆಯುದ್ದಕ್ಕೂ ಕಾಣುತ್ತದೆ. ಹೊಲಿಗೆದಾರ ಜೋಡಣಾ ಸಾಧನವೆಂದರೆ, ಮೂಲದಲ್ಲಿ, ಗಾಯದ ಸುತ್ತ ಬಳೆಯಾಗಿ ಬಾಗಿಸಿದ ಹಣಿಗೆಯೇ.

ಗಾಯ ಹೊಲಿಯುವ ವಿದ್ಯೆ ಹಳೆಯದು. ಸುಶ್ರುತ ಸಂಹಿತೆ ವೇಲ್ಲಿತಕ, ಗೋಫಣಿಕ, ತುನ್ನಸೇವನಿ, ಋಜುಗ್ರಂಥಿ ಎಂಬ ನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುತ್ತದೆ. ರಕ್ತನಾಳಗಳ ಹೊಲಿಗೆಗೆ ಶಿಸ್ತು ತಂದವನು ಫ್ರಾನ್ಸಿನ ಅಲೆಕ್ಸಿ ಕರೆಲ್. ಲಿಯಾನ್ ನಗರದ ಕಸೂತಿಗಾರ್ತಿಯೊಬ್ಬಳಿಂದ ಸೂಜಿಗೆಲಸ ಕಲಿತ ಆತ, ದುಂಡನೆಯ ನಾಳದ ಬಾಯಿಯನ್ನು ಮೂರು ಆಧಾರ ದಾರಗಳಿಂದ ಎಳೆದು ತ್ರಿಕೋನ ಮಾಡಿ, ಒಂದೊಂದು ಬದಿಯನ್ನೂ ನೇರಗೆರೆಯಂತೆ ಹೊಲಿಯುವ ಕ್ರಮವನ್ನು 1902ರಲ್ಲಿ ಪ್ರಕಟಿಸಿದ. 1912ರಲ್ಲಿ ಅವನಿಗೆ ನೊಬೆಲ್ ಬಂತು. ಹೊಲಿಯುವ ದಾರ ಬೇರೆ, ಹೊಲಿಗೆಗೆ ಅನುವು ಮಾಡಿಕೊಡುವ ದಾರ ಬೇರೆ ಎಂಬ ವಿವೇಕ ಇಲ್ಲಿದೆ. ಈ ಸಾಧನಗಳ ಚರಿತ್ರೆಯನ್ನು ಕರೆಲ್‌ನಿಂದ ಆರಂಭಿಸುವುದು ಅದಕ್ಕೇ ನ್ಯಾಯ.

1953ರಲ್ಲಿ ಜಾನ್ ಗಿಬ್ಬನ್ ಹೃದಯ–ಶ್ವಾಸಕೋಶ ಯಂತ್ರವನ್ನು ಯಶಸ್ವಿಯಾಗಿ ಬಳಸಿದ ಮೇಲೆ ಹೃದಯದೊಳಗೆ ನಿಧಾನವಾಗಿ ಹೊಲಿಯಲು ಸಾಧ್ಯವಾಯಿತು. 1960ರಲ್ಲಿ ಆಲ್ಬರ್ಟ್ ಸ್ಟಾರ್, ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಜೊತೆ ರೂಪಿಸಿದ ಚೆಂಡು–ಪಂಜರದ ಕವಾಟವನ್ನು ಮೈಟ್ರಲ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ) ಸ್ಥಾನದಲ್ಲಿ ಕೂರಿಸಿದ. ದಾರಗಳ ಗೋಜಲು ಎದುರಾದದ್ದು ಹೀಗೆ ಕವಾಟಗಳನ್ನು ಹೊಲಿದು ಕೂರಿಸತೊಡಗಿದ ಮೇಲೆ. ಉಪಾಯಗಳು ಸರಳವಾಗಿದ್ದವು: ಪ್ರತಿ ಜೋಡಿ ಎಳೆಗೆ ಒಂದು ಸಣ್ಣ ಫೋರ್ಸೆಪ್ಸ್ ಕಚ್ಚಿಸುವುದು, ಆ ಫೋರ್ಸೆಪ್ಸ್‌ಗಳ ಹಿಡಿಯುಂಗುರಗಳನ್ನು ಸರದಿಯಂತೆ ಒಂದು ಕಡ್ಡಿಗೆ ಪೋಣಿಸುವುದು, ಒಂದು ಹಸಿರು ಒಂದು ಬಿಳಿ ಎಂದು ಬಣ್ಣ ಬದಲಿಸುತ್ತ ದಾರ ಹಾಕುವುದು. ಈ ಎರಡು ಬಣ್ಣದ ಪಾಲಿಯೆಸ್ಟರ್ ದಾರಗಳು ಇಂದಿಗೂ ಬಳಕೆಯಲ್ಲಿವೆ. ಕಣ್ಣಿಗೆ ಬಣ್ಣವೇ ಎಲ್ಲಕ್ಕಿಂತ ವೇಗದ ಗುರುತು.

ಗಾಯದ ಸುತ್ತ ಇಡುವ, ಸಂದುಗಳುಳ್ಳ ಚೌಕಟ್ಟುಗಳು ಆಮೇಲಿನವು. ಗಬ್ಬಾಯ್–ಫ್ರೇಟರ್ ಎಂಬ ಇಬ್ಬರು ಶಸ್ತ್ರವೈದ್ಯರ ಹೆಸರಿನ ಹೊಲಿಗೆ ಮಾರ್ಗದರ್ಶಿ ಇವುಗಳಲ್ಲಿ ಪ್ರಸಿದ್ಧ. ಇಂಥ ಸಾಧನಗಳಲ್ಲಿ ದಾರವನ್ನು ಹಿಡಿಯುವುದು ಉಕ್ಕಿನ ಸುರುಳಿಯ ಎರಡು ಸುತ್ತುಗಳ ನಡುವಿನ ಸಂದು, ಇಲ್ಲವೆ ಸಿಲಿಕೋನ್‌ನಲ್ಲಿ ಕೊಯ್ದ ಸೀಳು. ಹಿಡಿತ ಜಾಸ್ತಿಯಾದರೆ ದಾರ ನಲುಗುತ್ತದೆ, ಕಡಿಮೆಯಾದರೆ ಜಾರುತ್ತದೆ. ವಿನ್ಯಾಸಕಾರರ ಜಾಣ್ಮೆಯ ಪರೀಕ್ಷೆ ನಡೆಯುವುದು ಈ ಅಂತರದಲ್ಲಿ.

ಭಾರತದಲ್ಲಿ ಎಂ. ಎಸ್. ವಲಿಯತ್ತಾನ್ ನೇತೃತ್ವದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕವಾಟವನ್ನು 1990ರ ಡಿಸೆಂಬರ್ 6ರಂದು ಮೊದಲ ಬಾರಿ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅದರ ಅಂಚಿಗೂ ಪಾಲಿಯೆಸ್ಟರ್ ಬಟ್ಟೆಯೇ, ಏಕೆಂದರೆ ಸೂಜಿ ಹಾಯಬೇಕು. ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ವಲಿಯತ್ತಾನ್, ಸುಶ್ರುತನ ಪರಂಪರೆಯ ಮೇಲೂ ಗ್ರಂಥ ಬರೆದರು. ರುಮಾಟಿಕ್ ಜ್ವರದಿಂದ ಎಳೆ ವಯಸ್ಸಿನಲ್ಲೇ ಕವಾಟ ಕೆಡುವ ದೇಶದಲ್ಲಿ ಇಂಥ ಕವಾಟ ರೂಪಿಸುವ ಕೆಲಸದ ಬೆಲೆ ದೊಡ್ಡದು. ಸೇಲಂ, ಧರ್ಮಪುರಿ, ಕೃಷ್ಣಗಿರಿಗಳನ್ನು ಹಾದುಬರುವ ಹೆದ್ದಾರಿ ಹೊಸೂರು ದಾಟಿದ ಮೇಲೆ ಬೊಮ್ಮಸಂದ್ರದಲ್ಲಿ, ಮೂಡಬಿದಿರೆ ಬಳಿಯ ಕಿನ್ನಿಗೋಳಿಯ ದೇವಿಪ್ರಸಾದ್ ಶೆಟ್ಟಿ ಸ್ಥಾಪಿಸಿದ ನಾರಾಯಣ ಹೃದಯಾಲಯ ಸಿಗುತ್ತದೆ. ಅಲ್ಲಿನ ವೈದ್ಯರು ಮಾಡಿ ತೋರಿಸಿದ್ದು ದೊಡ್ಡ ಸಂಖ್ಯೆಯಲ್ಲಿ, ಕಡಿಮೆ ವೆಚ್ಚದಲ್ಲಿ ಹೃದಯ ಶಸ್ತ್ರಚಿಕಿತ್ಸೆ ಸಾಧ್ಯವೆಂಬುದನ್ನು. ಇಂಥ ಕಡೆ ಒಮ್ಮೆ ಬಳಸಿ ಎಸೆಯುವ ಸಾಧನಕ್ಕಿಂತ, ಆವಿಯಲ್ಲಿ ಶುದ್ಧಮಾಡಿ ಮತ್ತೆ ಬಳಸಬಹುದಾದ ಉಕ್ಕಿನ ಚೌಕಟ್ಟೇ ಮೇಲು.

ಎದೆಮೂಳೆಯನ್ನು ಉದ್ದಕ್ಕೆ ಸೀಳದೆ ಚಿಕ್ಕ ಗಾಯದಲ್ಲೇ ಕವಾಟದ ಕೆಲಸ ಮಾಡುವ ಪದ್ಧತಿ ಬೆಳೆದದ್ದು 1996ರ ಆಸುಪಾಸಿನಲ್ಲಿ. ಆ ವರ್ಷ ಅಲೈನ್ ಕಾರ್ಪಾಂಟಿಯೆ ವಿಡಿಯೊ ನೆರವಿನಿಂದ ಮೈಟ್ರಲ್ ಕವಾಟ ದುರಸ್ತಿ ಮಾಡಿದ. ಕ್ಲೀವ್‌ಲ್ಯಾಂಡಿನ ಡೆಲೋಸ್ ಕಾಸ್‌ಗ್ರೋವ್, ಬಾಸ್ಟನ್ನಿನ ಲಾರೆನ್ಸ್ ಕೋನ್ ಇದೇ ಹಾದಿಯಲ್ಲಿದ್ದರು. ಬಲಗಡೆ ಪಕ್ಕೆಲುಬುಗಳ ನಡುವಿನ ಐದಾರು ಸೆಂಟಿಮೀಟರ್ ಕಿಂಡಿಯಲ್ಲೇ ಎಲ್ಲ ದಾರಗಳೂ ಹೊರಬರಬೇಕು, ಅದರಲ್ಲೇ ಉಪಕರಣಗಳೂ ಒಳಹೋಗಬೇಕು. ತೆರೆದ ಎದೆಯಲ್ಲಿ ಕೈಬೆರಳಿಂದ ಬಿಡಿಸಬಹುದಾಗಿದ್ದ ಸಿಕ್ಕು ಇಲ್ಲಿ ಆಳದ ಸುರಂಗದೊಳಗೆ ಕೂತುಬಿಡುತ್ತದೆ. ಹಾಗಾಗಿ ಚಿಕ್ಕ ಗಾಯದಲ್ಲಿ ಜೋಡಣಾ ಸಾಧನ ಬಿಟ್ಟಿರಲಾಗದ ನೆರವಾಯಿತು. ಬಳೆಯಾಕಾರದ ಸಾಧನವನ್ನು ಗಡಿಯಾರದ ಮುಖದಂತೆ ಭಾವಿಸಿ, ಒಳಗೆ ಮೂರು ಗಂಟೆಯ ದಿಕ್ಕಿನಲ್ಲಿ ಹಾಕಿದ ಹೊಲಿಗೆಯನ್ನು ಹೊರಗೂ ಮೂರು ಗಂಟೆಯ ಸಂದಿನಲ್ಲೇ ಕೂರಿಸುತ್ತಾರೆ. ಗಂಟನ್ನು ಒಳಕ್ಕೆ ನೂಕಲು ಉದ್ದನೆಯ ಕಡ್ಡಿಯುಂಟು. ಗಂಟಿನ ಬದಲು ಟೈಟಾನಿಯಂ ಗುಂಡಿ ಅದುಮಿ ದಾರ ಕತ್ತರಿಸುವ ಕಾರ್‌ನಾಟ್ ಎಂಬ ಸಾಧನವೂ ಬಂದಿದೆ. ಅದು ಸಮಯ ಉಳಿಸುತ್ತದೆ. ಆದರೆ ಗುಂಡಿ ತಗುಲಿ ಕವಾಟದ ದಳ ತೂತಾದ ಪ್ರಕರಣಗಳೂ ವರದಿಯಾಗಿವೆ.

ದಾರವೇ ಬೇಡವೆಂಬ ಯೋಚನೆಯೂ ಹೊಸದಲ್ಲ. ಜಾರ್ಜ್ ಮೆಗವರ್ನ್ ಹೊಲಿಗೆಯಿಲ್ಲದ ಕವಾಟವನ್ನು 1960ರ ದಶಕದ ಆರಂಭದಲ್ಲೇ ಅಳವಡಿಸಿದ್ದ. 2002ರಲ್ಲಿ ಅಲೈನ್ ಕ್ರಿಬಿಯೆ ರಕ್ತನಾಳದ ಮೂಲಕ ಕವಾಟ ಸೇರಿಸಿದ. ಆದರೂ ಶಸ್ತ್ರಚಿಕಿತ್ಸೆಯಿಂದ ಮಾಡುವ ಮೈಟ್ರಲ್ ಕವಾಟದ ದುರಸ್ತಿ, ಎಳೆಯರಿಗೆ ಹಾಕುವ ಯಾಂತ್ರಿಕ ಕವಾಟ, ಇವು ದಾರವನ್ನೇ ನಂಬಿವೆ.

ಯಾವ ಚೌಕಟ್ಟಿದ್ದರೂ ಸರದಿ ಕಾಯುವವರು ಪಕ್ಕದಲ್ಲಿ ನಿಂತ ನರ್ಸ್. ಮುಂದಿನ ದಾರ ಹಸಿರೋ ಬಿಳಿಯೋ ಎಂಬುದನ್ನು ಶಸ್ತ್ರವೈದ್ಯರು ಕೇಳುವ ಮೊದಲೇ ಕೈಗಿಡುವವರು ಅವರು. ಗಂಟುಗಳೆಲ್ಲ ಮುಗಿದ ಮೇಲೆ ಕತ್ತರಿಸಿದ ಸೂಜಿಗಳನ್ನು ಎಣಿಸುತ್ತಾರೆ: 15 ದಾರಕ್ಕೆ 30 ಸೂಜಿ. ಲೆಕ್ಕ ಸರಿಹೋದ ಮೇಲೆಯೇ ಗಾಯ ಮುಚ್ಚುವುದು.